ಮೂಲೆಗೆ ಮಸಿ ತಾಗಿದ ಕಾರ್ಡುಗಳು

ನೋಟಿಸನ್ನು ಅಂಚೆಗೆ ಹಾಕಿದ ಮೇಲೆ ಕಚೇರಿಯ ಜವಾಬ್ದಾರಿ ಮುಗಿಯಿತು ಎಂದು ನಮ್ಮ ಸಂಘದ ಉಪನಿಯಮಗಳಲ್ಲಿ ಬರೆದಿತ್ತು. ಅಂಚೆಯ ಮೊಹರು ಬಿದ್ದ ಪಟ್ಟಿ ಕೈಯಲ್ಲಿದ್ದರೆ ಸಾಕು, ಯಾರೂ ನಮ್ಮನ್ನು ಕೇಳುವಂತಿರಲಿಲ್ಲ. ಸಂಘಗಳ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲ ದಿನ ಇದನ್ನೇ ಹೇಳಿಕೊಡುತ್ತಾರೆ. ನನಗೂ ಹೇಳಿಕೊಟ್ಟಿದ್ದರು. ಅದು ಸುಳ್ಳಲ್ಲ. ಆದರೆ ಅಷ್ಟನ್ನೇ ನಂಬಿಕೊಂಡಿದ್ದರೆ ಒಬ್ಬ ಹೆಣ್ಣುಮಗಳ ಸೈಟು ನನ್ನ ಕೈಯಿಂದ ತಪ್ಪಿಹೋಗುತ್ತಿತ್ತು. ಅದು ತಪ್ಪಲಿಲ್ಲ ಎಂಬ ಸಮಾಧಾನದಲ್ಲಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಸಂಘಕ್ಕೆ ಬಂದದ್ದು ಪತ್ರಿಕಾ ಕಚೇರಿಯಿಂದ. ಹನ್ನೊಂದು ವರ್ಷ ಕರಡು ತಿದ್ದಿ, ಕೊನೆಗೆ ಉಪಸಂಪಾದಕನ ಮೇಜಿಗೂ ಹೋಗಿ, ರಾತ್ರಿ ಪಾಳಿ ಮೈಗೆ ಒಗ್ಗದೆ ಬಿಟ್ಟಿದ್ದೆ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಸಂಬಳಕ್ಕೆ ದುಡಿಯುವ ಜನ ಸೇರಿ ಕಟ್ಟಿಕೊಂಡಿದ್ದ ಒಂದು ಗೃಹ ನಿರ್ಮಾಣ ಸಹಕಾರ ಸಂಘಕ್ಕೆ ಕಚೇರಿ ಕಾರ್ಯದರ್ಶಿ ಬೇಕಾಗಿತ್ತು. ಜಯನಗರದಲ್ಲಿ ಆಗ ಕಟ್ಟಿದ ಮನೆಗಳಿಗಿಂತ ನೆಟ್ಟ ಕಲ್ಲುಗಳೇ ಹೆಚ್ಚು. ನಮ್ಮ ಕಚೇರಿ ಒಂದು ಕೋಣೆ. ಅದರ ಕಿಟಕಿಯಿಂದ ರಾಗಿ ಹೊಲ ಕಾಣುತ್ತಿತ್ತು.

ಹುದ್ದೆಗೆ ಹತ್ತು ಕರ್ತವ್ಯಗಳ ಪಟ್ಟಿ ಇತ್ತು. ನಿಜವಾದ ಕೆಲಸ ಒಂದೇ: ಸದಸ್ಯರಿಗೆ ಸುದ್ದಿ ಮುಟ್ಟಿಸುವುದು. ಸದಸ್ಯರು ಮುನ್ನೂರಕ್ಕೂ ಹೆಚ್ಚು. ಒಬ್ಬರು ಚಾಮರಾಜಪೇಟೆಯಲ್ಲಿ, ಒಬ್ಬರು ಮಾವಳ್ಳಿಯಲ್ಲಿ, ಒಬ್ಬರು ಗವೀಪುರದ ವಠಾರದಲ್ಲಿ. ಫೋನು ಇದ್ದದ್ದು ನಮ್ಮ ಅಧ್ಯಕ್ಷರ ಮನೆಯಲ್ಲಿ ಮಾತ್ರ. ಅದಕ್ಕೆ ಕರೆ ಮಾಡಬಲ್ಲ ಸದಸ್ಯರು ನಾಲ್ಕೈದು ಜನ ಇದ್ದಿರಬಹುದು.

ಮೊದಲ ವರ್ಷ ಬಸ್ ನಿಲ್ದಾಣದ ಹತ್ತಿರ ಒಂದು ಹಲಗೆ ನಿಲ್ಲಿಸಿ ಅದರ ಮೇಲೆ ನೋಟಿಸು ಅಂಟಿಸಿದೆವು. ಮೈದಾ ಅಂಟು ನಾನೇ ಕಾಯಿಸುತ್ತಿದ್ದೆ. ಮೂರನೆಯ ದಿನ ಹೋಗಿ ನೋಡಿದರೆ ಹಲಗೆ ಚೊಕ್ಕಟ. ಅಂಟಿನ ರುಚಿಗೆ ಯಡಿಯೂರಿನ ದನಗಳು ಕಾಗದವನ್ನೂ ಸೇರಿಸಿ ತಿಂದಿದ್ದವು. ಎರಡನೆಯ ವರ್ಷ ಜಟಕಾ ಗಾಡಿಗೆ ಧ್ವನಿವರ್ಧಕ ಕಟ್ಟಿ ಬೀದಿ ಬೀದಿ ಸುತ್ತಿಸಿದೆವು. ಆಗ ಅಂಥ ಗಾಡಿ ಬರುತ್ತಿದ್ದದ್ದು ಸಿನಿಮಾ ಪ್ರಚಾರಕ್ಕೆ. ಜನ ಬಾಗಿಲಿಗೆ ಬಂದು, ಯಾವ ಚಿತ್ರ ಎಂದು ಕೇಳಿ, ಸಂಘದ ಮಹಾಸಭೆ ಎಂದು ತಿಳಿದ ಕೂಡಲೇ ಒಳಗೆ ಹೋದರು. ಆ ಸಭೆಗೆ ಕೋರಂ ಆಗಲಿಲ್ಲ.

ಉಳಿದದ್ದು ಕೈಬರಹದ ಅಂಚೆ ಕಾರ್ಡು. ಒಂದೇ ಒಕ್ಕಣೆಯನ್ನು ಮುನ್ನೂರು ಸಲ ಬರೆಯುವುದು. ನೂರು ದಾಟಿದ ಮೇಲೆ ಕೈ ಒಂದು ದಿನಾಂಕ ಬರೆದರೆ ತಲೆ ಇನ್ನೊಂದು ಹೇಳುತ್ತಿತ್ತು. ಒಮ್ಮೆ ಹೀಗೆಯೇ ಇಪ್ಪತ್ತು ಜನರನ್ನು ಒಂದು ದಿನ ಮೊದಲೇ ಸಭೆಗೆ ಕರೆದಿದ್ದೆ. ಅವರು ಬಂದು, ನನ್ನನ್ನು ಎದುರಿಗೆ ಕೂರಿಸಿಕೊಂಡು ತಮ್ಮದೇ ಒಂದು ಸಭೆ ನಡೆಸಿ ಹೋದರು.

ನಮ್ಮ ಅಧ್ಯಕ್ಷರು ನಂಜುಂಡಯ್ಯನವರು. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಕರಿ ಕೋಟು, ಜರಿ ಅಂಚಿನ ಪೇಟ, ಕೈಯಲ್ಲಿ ಕೊಡೆ. ಅವರು ನಕ್ಕದ್ದನ್ನು ನಾನು ಮೊದಲ ಮೂರು ವರ್ಷ ನೋಡಲಿಲ್ಲ. ನಿಯಮವೆಂದರೆ ಅವರಿಗೆ ಅಳತೆಯ ಸರಪಳಿ ಇದ್ದ ಹಾಗೆ, ಎಳೆದರೂ ಹಿಗ್ಗುವಂತಿಲ್ಲ. ಮೊದಲ ಬಡಾವಣೆಯ ಸೈಟುಗಳನ್ನು ಚೀಟಿ ಎತ್ತಿ ಹಂಚಿದಾಗ, ಬಾರದಿದ್ದ ಒಬ್ಬ ಸದಸ್ಯರ ಪರವಾಗಿ ಸಮಿತಿಯವರೊಬ್ಬರು ಚೀಟಿ ಎತ್ತಿದ್ದರು. ಅದು ದೊಡ್ಡ ರಸ್ತೆಗೆ ಮುಖ ಮಾಡಿದ ಸೈಟು ಆಗಿಬಿಟ್ಟಿತು. ಎರಡು ವರ್ಷ ಜಗಳ ನಡೆಯಿತು. ಅದಾದ ಮೇಲೆ ಮಹಾಸಭೆಯೇ ಒಂದು ನಿಯಮ ಮಾಡಿತು. ಸದಸ್ಯರು ಸ್ವತಃ ಬಂದು, ತಮ್ಮ ಕೈಯಿಂದಲೇ ಚೀಟಿ ಎತ್ತಿ, ಅಲ್ಲೇ ಪುಸ್ತಕದಲ್ಲಿ ರುಜು ಹಾಕಬೇಕು. ಮೂರು ಸಲ ಕೂಗಿದರೂ ಬಾರದವರ ಹೆಸರು ಮುಂದಿನ ಬಡಾವಣೆಯ ಪಟ್ಟಿಗೆ ಹೋಗುತ್ತದೆ. ಮುಂದಿನ ಬಡಾವಣೆಗೆ ಭೂಮಿ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಅರವತ್ತರ ದಶಕದ ಮೊದಲಲ್ಲಿ ಎರಡನೆಯ ಬಡಾವಣೆ ಸಿದ್ಧವಾಯಿತು. ಚೀಟಿ ಎತ್ತಲು ಕಾರ್ತಿಕ ಮಾಸದ ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಹತ್ತಿರದ ಒಂದು ಶಾಲೆಯ ಹಜಾರದಲ್ಲಿ ಸಭೆ ಎಂದು ತೀರ್ಮಾನವಾಯಿತು. ಆ ಹೊತ್ತಿಗೆ ನಂಜುಂಡಯ್ಯನವರು ಸಮಿತಿಯೊಡನೆ ವಾದಿಸಿ ಸಂಘಕ್ಕೊಂದು ಸೈಕ್ಲೋಸ್ಟೈಲ್ ಯಂತ್ರ ಕೊಳ್ಳಿಸಿದ್ದರು. ಮೇಣದ ಕಾಗದದ ಮೇಲೆ ಉಕ್ಕಿನ ಮೊನೆಯಿಂದ ಒಂದು ಸಲ ಬರೆದು, ಅದನ್ನು ಮಸಿ ತುಂಬಿದ ಉರುಳೆಗೆ ಸುತ್ತಿ ಹಿಡಿ ತಿರುಗಿಸಿದರೆ ಪ್ರತಿಗಳು ಒಂದರ ಹಿಂದೆ ಒಂದು ಬರುತ್ತವೆ. ಪತ್ರಿಕೆಯಲ್ಲಿ ದೊಡ್ಡ ಯಂತ್ರಗಳನ್ನು ನೋಡಿದ್ದ ನನಗೆ ಇದು ಆಟಿಕೆಯಂತೆ ಕಂಡಿತು. ಬಳಸಲು ಬೇರೆ ಯಾರ ಸಹಾಯವೂ ಬೇಡ ಎಂದೆ.

ಅದು ದೊಡ್ಡ ಹಾಳೆಗಳಿಗೆ ಮಾಡಿದ ಯಂತ್ರ. ಅಂಚೆ ಕಾರ್ಡು ಚಿಕ್ಕದು, ದಪ್ಪ. ಕಾರ್ಡನ್ನು ಒಂದು ಮೂಲೆಗೆ ಒತ್ತಿ ಕೊಡಬೇಕಾಗಿತ್ತು. ಅಲ್ಲಿ ಮೇಣದ ಕಾಗದ ಮುಗಿದು ಉರುಳೆಯ ಮಸಿ ಹೊರಗೆ ಒಸರುತ್ತಿತ್ತು. ಪ್ರತಿ ಕಾರ್ಡಿನ ಬಲಗಡೆಯ ಮೇಲ್ಮೂಲೆಯಲ್ಲಿ ಹೆಬ್ಬೆರಳಗಲದ ಕಪ್ಪು. ಮೊದಲ ಹತ್ತು ಕಾರ್ಡುಗಳಲ್ಲೇ ಅದನ್ನು ನೋಡಿದೆ. ಒತ್ತು ಕಾಗದದಿಂದ ಒರೆಸಿದೆ, ಇನ್ನಷ್ಟು ಹರಡಿತು. ಅಕ್ಷರಕ್ಕೆ ತಾಗಿಲ್ಲವಲ್ಲ, ದಿನಾಂಕ ಸರಿ ಇದೆಯಲ್ಲ, ಸ್ಥಳ ಸರಿ ಇದೆಯಲ್ಲ ಎಂದು ಪರೀಕ್ಷಿಸಿ ಮುಂದುವರಿಸಿದೆ. ಮಂಗಳವಾರ ಮಧ್ಯಾಹ್ನ ಎಲ್ಲವನ್ನೂ ಅಂಚೆಗೆ ಹಾಕಿ, ಮೊಹರು ಹಾಕಿಸಿದ ಪಟ್ಟಿಯನ್ನು ಕಡತಕ್ಕೆ ಸೇರಿಸಿದೆ.

ನಮ್ಮ ಕಡೆ ಸಾವಿನ ಸುದ್ದಿ ಹೊತ್ತ ಕಾಗದದ ಮೂಲೆಗೆ ಮಸಿ ಹಚ್ಚುತ್ತಾರೆ. ಅಂಥ ಕಾಗದವನ್ನು ಹೊಸ್ತಿಲೊಳಗೆ ತರುವುದಿಲ್ಲ. ಹೊರಗೇ ನಿಂತು ಓದಿ, ಹರಿದು ಬಿಸಾಡಿ, ಸ್ನಾನ ಮಾಡಿ ಒಳಗೆ ಬರುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನನ್ನ ಅಜ್ಜಿ ಸತ್ತಾಗ ಆ ಕಾಗದಗಳ ಮೂಲೆಗೆ ಮಸಿ ಹಚ್ಚಿದವನು ನಾನೇ. ಆದರೆ ಹನ್ನೊಂದು ವರ್ಷ ಒದ್ದೆ ಕರಡುಗಳ ನಡುವೆ ಇದ್ದವನು. ಅಲ್ಲಿ ಮಸಿಯ ಬೆರಳಿನ ಗುರುತಿಲ್ಲದ ಹಾಳೆಯೇ ಇರಲಿಲ್ಲ. ಕಾಗದದಲ್ಲಿ ಅಕ್ಷರವನ್ನು ಮಾತ್ರ ನೋಡಲು ಪಳಗಿದ ಕಣ್ಣಿಗೆ ಮೂಲೆಯ ಕಪ್ಪು ಕಂಡೂ ಕಾಣಲಿಲ್ಲ. ಬೇರೆ ಯಾರಿಗಾದರೂ ಒಂದು ಕಾರ್ಡು ತೋರಿಸಿದ್ದರೂ ಸಾಕಿತ್ತು.

ಬುಧವಾರ ಕಾರ್ಡುಗಳು ಬಟವಾಡೆಯಾದವು. ಗಂಡಸರು ಆಫೀಸಿಗೆ ಹೋಗಿದ್ದ ಹೊತ್ತು. ಗುರುವಾರ ಬೆಳಿಗ್ಗೆ ನಾನು ಕಚೇರಿಯ ಬೀಗ ತೆಗೆಯುವ ಮೊದಲೇ ಜಗಲಿಯ ಮೇಲೆ ಏಳೆಂಟು ಸದಸ್ಯರು ನಿಂತಿದ್ದರು. ಎಲ್ಲರಿಗಿಂತ ಮುಂದೆ ಗವೀಪುರದ ಒಬ್ಬ ನಿವೃತ್ತ ಉಪಾಧ್ಯಾಯರು. ಕಾರ್ಡನ್ನು ಒಂದು ಕಡ್ಡಿಗೆ ಸಿಕ್ಕಿಸಿ ಹಿಡಿದುಕೊಂಡಿದ್ದರು.

"ಏನ್ರೀ ಸೆಕ್ರೆಟರಿ, ನಮ್ಮನೇಲಿ ಯಾರನ್ನ ಸಾಯಿಸಿದ್ರಿ?" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಕಡ್ಡಿಯನ್ನು ನನ್ನ ಮೂಗಿನ ಹತ್ತಿರ ತಂದರು. ಮೂಲೆ ಕಂಡಿತು. ಆಗ ಅರ್ಥವಾಯಿತು.

ಅವರ ತಾಯಿ ಮಟಮಟ ಮಧ್ಯಾಹ್ನ ತಣ್ಣೀರು ಸ್ನಾನ ಮಾಡಿ, ಮಾಡಿಟ್ಟ ಅಡುಗೆಯನ್ನೆಲ್ಲ ಹೊರಗೆ ಸುರಿಸಿದ್ದರಂತೆ. ಇನ್ನೊಬ್ಬರ ಮನೆಯಲ್ಲಿ ಮಗಳ ನಿಶ್ಚಿತಾರ್ಥದ ಮಾತು ನಡೆಯುತ್ತಿದ್ದಾಗ ಕಾರ್ಡು ಬಂದು, ಗಂಡಿನ ಕಡೆಯ ಹೆಂಗಸರು ಎಲೆ ಅಡಿಕೆ ಮುಟ್ಟದೆ ಎದ್ದುಹೋಗಿದ್ದರು. ಸಂಜೆ ಯಜಮಾನರು ಬಂದು ಓದಿ, ವಿಷಯ ತಿಳಿಸಿ, ಅವರನ್ನು ವಾಪಸು ಕರೆತಂದದ್ದಾಗಿತ್ತು. ಒಬ್ಬೊಬ್ಬರದೂ ಒಂದೊಂದು ಕಥೆ. ನಾನು ಎಲ್ಲರ ಮುಂದೆಯೂ ತಪ್ಪು ನನ್ನದು ಎಂದೆ.

ಹನ್ನೊಂದರ ಹೊತ್ತಿಗೆ ಅಂಚೆಯ ಮುನಿಯಪ್ಪ ಬಂದ. ವರ್ಷಗಳಿಂದ ಕಚೇರಿಯ ಸುತ್ತಲಿನ ಬೀದಿಗಳಲ್ಲಿ ಬಟವಾಡೆ ಮಾಡುತ್ತಿದ್ದವನು. ಕಚೇರಿಯೊಳಗೆ ಬಾರದೆ ಬಾಗಿಲಲ್ಲೇ ನಿಂತ.

"ನೆನ್ನೆ ಒಂದೊಂದು ಮನೆ ಮುಂದೂ ಚಪ್ಪಲಿ ಬಿಟ್ಟು, ತಲೆ ತಗ್ಗಿಸ್ಕೊಂಡು ಕೊಟ್ಟಿದೀನಿ ಸಾರ್. ಇಷ್ಟು ಮನೇಲಿ ಒಂದೇ ದಿನ ಸಾವು ಅಂದ್ರೆ ಮತ್ತೆ ಪ್ಲೇಗ್ ಬಂತೇನೋ ಅಂದ್ಕೊಂಡೆ. ನನ್ನ ಹೆಂಡ್ತಿ ಮಕ್ಕಳನ್ನ ಊರಿಗೆ ಕಳಿಸೋಕೆ ಗಂಟು ಕಟ್ಸಿಟ್ಟಿದ್ದೆ" ಎಂದ.

ಗಂಟು ಬಿಚ್ಚಿಸು ಎಂದು ಹೇಳಿ ಕಳಿಸಿದೆ.

ಬೈಗುಳ ತಿನ್ನುತ್ತಿದ್ದಾಗಲೇ ನನಗೊಂದು ಯೋಚನೆ ಬಂದಿತ್ತು. ಇಲ್ಲಿಗೆ ಬಂದು ಬೈಯುತ್ತಿರುವವರಿಗೆಲ್ಲ ಸಭೆಯ ಸುದ್ದಿ ಮುಟ್ಟಿದೆ. ಚಿಂತೆ ಮಾಡಬೇಕಾದದ್ದು ಬಾರದವರ ಬಗ್ಗೆ. ಯಾರು ಓದದೆಯೇ ಹರಿದು ಬಿಸಾಡಿರಬಹುದು? ನಾನು ಒಂದು ಹೊಸ ಪುಸ್ತಕಕ್ಕೆ ಎಲ್ಲ ಸದಸ್ಯರ ಹೆಸರು ಬರೆದು, ಸೈಕಲ್ ಹತ್ತಿ ಮನೆಮನೆಗೆ ಹೊರಟೆ. ಸಭೆಯ ವಿಷಯ ಬಾಯಲ್ಲಿ ಹೇಳುವುದು, ತಿಳಿಯಿತು ಎಂದು ರುಜು ಹಾಕಿಸಿಕೊಳ್ಳುವುದು. ಆ ಪುಸ್ತಕ ಆಮೇಲೆ ನಮ್ಮ ಸಂಘದ ಕ್ರಮವೇ ಆಯಿತು. ಬೀದಿಗೊಬ್ಬ ಪ್ರತಿನಿಧಿಯನ್ನು ನೇಮಿಸಿ, ಕಾರ್ಡಿನ ಹಿಂದೆಯೇ ಪುಸ್ತಕ ಕಳಿಸುವ ರೂಢಿ ಮಾಡಿದೆವು. ಯಂತ್ರಕ್ಕೆ ಕೆಂಪು ಮಸಿ ತರಿಸಿದೆವು. ಮುಂದೆ ಫೋನುಗಳು ಬಂದವು, ವಿಳಾಸ ಅಚ್ಚೊತ್ತುವ ಯಂತ್ರ ಬಂತು. ಏನು ಬಂದರೂ ನಾನು ಪುಸ್ತಕ ಬಿಡಲಿಲ್ಲ. ಕಳಿಸಿದ್ದು ಎಷ್ಟು ಎಂದು ಅಂಚೆಯ ಪಟ್ಟಿ ಹೇಳುತ್ತದೆ. ಮುಟ್ಟಿದ್ದು ಎಷ್ಟು ಎಂದು ಹೇಳುವುದು ರುಜು ಮಾತ್ರ.

ಗುರುವಾರ, ಶುಕ್ರವಾರ ಎರಡು ದಿನ ಸೈಕಲ್ ತುಳಿದೆ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಯಡಿಯೂರಿನ ಒಂದು ವಠಾರಕ್ಕೆ ಬಂದೆ. ಅಲ್ಲಿ ಚೆನ್ನಮ್ಮ ಎಂಬ ಸದಸ್ಯೆ ಇದ್ದರು. ಗಂಡ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ಎರಡು ವರ್ಷದ ಹಿಂದೆ ತೀರಿಕೊಂಡಿದ್ದ. ಸದಸ್ಯತ್ವ ಆಕೆಯ ಹೆಸರಿಗೆ ವರ್ಗವಾಗಿತ್ತು. ಆತ ಬಿಟ್ಟುಹೋದದ್ದರಲ್ಲಿ ಹೆಸರಿಸುವಂಥದ್ದು ಅದೊಂದೇ. ಆಕೆ ಮನೆಯಲ್ಲೇ ಊದುಬತ್ತಿ ಹೊಸೆದು ಇಬ್ಬರು ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದರು. ಅಕ್ಷರ ಬರುತ್ತಿರಲಿಲ್ಲ. ಕಚೇರಿಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನಮ್ಮ ಸರದಿ ಯಾವಾಗ ಸ್ವಾಮಿ? ಈ ವಠಾರದೋರು ಖಾಲಿ ಮಾಡಿ ಅಂತ ಎರಡು ಸಲ ಹೇಳವ್ರೆ."

ಬಾಗಿಲಿಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಹೆಂಗಸು ಹೊರಗೆ ಬಂದು, "ಇಲ್ಲ ಕಣಣ್ಣ, ಅವರಪ್ಪ ಹೋಗ್ಬಿಟ್ರಂತೆ. ಬುಧವಾರ ಕಾಗದ ಬಂತು, ಅಳ್ತಾ ಊರಿಗೆ ಹೋದ್ರು. ಮಕ್ಕಳು ನಮ್ಮನೇಲೇ ಇವೆ" ಎಂದರು.

ಕಾಗದವನ್ನು ಯಾರು ಓದಿದರು ಎಂದು ಕೇಳಿದೆ.

"ಓದೋದೇನಿದೆ ಅದರಲ್ಲಿ? ಮೂಲೆ ನೋಡಿದ್ರೆ ಗೊತ್ತಾಗಲ್ವಾ?" ಎಂದರು.

ಚರಂಡಿಯ ಪಕ್ಕದಲ್ಲಿ ನಾಲ್ಕು ಚೂರಾಗಿ ಬಿದ್ದಿದ್ದ ಕಾರ್ಡನ್ನು ಅವರೇ ತೋರಿಸಿದರು. ಒಂದು ಚೂರಿನಲ್ಲಿ ನನ್ನ ಅಕ್ಷರ ಇತ್ತು: "ತಪ್ಪದೆ ಸ್ವತಃ ಹಾಜರಿರತಕ್ಕದ್ದು."

ಚೆನ್ನಮ್ಮನ ತಂದೆ ಮರೀಗೌಡರಿಗೆ ಎಂಬತ್ತು ದಾಟಿತ್ತು. ಹಿಂದಿನ ತಿಂಗಳು ಕಾಯಿಲೆ ಮಲಗಿದ್ದರಂತೆ. ಆಕೆ ಇನ್ನೇನು ಎಣಿಸಬೇಕಿತ್ತು? ಊರು ಕನಕಪುರ ರಸ್ತೆಯಲ್ಲಿ, ಹಾರೋಹಳ್ಳಿಯ ಆಚೆ ಒಳಗೆ ಮೂರು ಮೈಲಿ. ಊರಿನ ಹೆಸರು ಬರೆದುಕೊಂಡು ನೇರವಾಗಿ ನಂಜುಂಡಯ್ಯನವರ ಮನೆಗೆ ಹೋದೆ. ನಡೆದದ್ದನ್ನು ಹೇಳಿದೆ. ಸಭೆಯನ್ನು ಒಂದು ವಾರ ಮುಂದಕ್ಕೆ ಹಾಕಬಹುದೇ ಎಂದು ಕೇಳಿದೆ. ಮುನ್ನೂರು ಜನರಿಗೆ ಮತ್ತೆ ನೋಟಿಸು ಕೊಡದೆ ದಿನಾಂಕ ಬದಲಿಸುವ ಅಧಿಕಾರ ತಮಗಿಲ್ಲ ಎಂದರು. ಆಕೆಯ ಪರವಾಗಿ ತಾವೇ ಚೀಟಿ ಎತ್ತಬಹುದೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

"ತಂತಿ ಕೊಡಿ" ಎಂದರು ಅವರು.

"ಸಾರ್, ಆ ಹಳ್ಳೀಲಿ ತಂತಿ ಅಂದ್ರೆ ಇನ್ನೊಂದು ಸಾವು ಅಂತ."

"ನಾಳೆ ನಿಮಗೆ ರಜ. ಉಳಿದ ಮನೆಗಳಿಗೆ ಸಮಿತಿಯೋರು ಹೋಗ್ತಾರೆ, ಭಾನುವಾರದ ಸಭೆ ನಾನು ನೋಡ್ಕೋತೀನಿ. ಆದ್ರೆ ಒಂದು ಹೇಳ್ತೀನಿ. ಹೆಸರು ಕೂಗಿದಾಗ ಆಕೆ ಇರ್ಲಿಲ್ಲ ಅಂದ್ರೆ ಇರ್ಲಿಲ್ಲ ಅಂತಾನೇ ಬರೀತೀನಿ" ಎಂದರು.

ಶನಿವಾರ ಹಾರೋಹಳ್ಳಿಯಲ್ಲಿ ಬಸ್ಸಿಳಿದು ನಡೆದೆ. ಊರು ಸೇರಿದಾಗ ಮಧ್ಯಾಹ್ನ ಮೂರು ಗಂಟೆ. ಮರೀಗೌಡರ ಮನೆ ಯಾವುದು ಎಂದು ಕೇಳಿದರೆ ಕೇಳಿದವರೆಲ್ಲ ನಗುತ್ತಿದ್ದರು. ಮನೆಯ ಜಗಲಿಯ ಮೇಲೆ ಒಬ್ಬ ಮುದುಕ ಕುಳಿತು ಹೊಗೆಸೊಪ್ಪು ಉಜ್ಜುತ್ತಿದ್ದರು. ಅವರೇ ಮರೀಗೌಡರು. ಬದುಕಿದ್ದಾರೆ ಎಂದು ನನಗೆ ಗೊತ್ತೇ ಇತ್ತು. ಆದರೂ ಕಣ್ಣಾರೆ ಕಂಡಾಗ ಎದೆಯ ಭಾರ ಇಳಿಯಿತು.

ಬುಧವಾರ ನಡೆದದ್ದನ್ನು ಅವರ ಬಾಯಿಂದಲೇ ಕೇಳಿದೆ. ಸಂಜೆ ಊರ ಮುಂದಿನ ಹುಣಸೆಮರದ ಹತ್ತಿರದಿಂದಲೇ ಯಾರೋ ಹೆಂಗಸು ಗೋಳೋ ಎಂದು ಅಳುತ್ತಾ ಬರುವುದು ಕೇಳಿಸಿತಂತೆ. ಪಾಪ, ಯಾರ ಮನೆಯಲ್ಲಿ ಏನಾಯಿತೋ ನೋಡೋಣ ಎಂದು ಇವರು ಕೋಲು ಹಿಡಿದು ಎದುರಿಗೆ ಹೋದರು. ಮಗಳು "ನನ್ನಪ್ಪನೇ, ನನ್ನ ಬಿಟ್ಟು ಹೋದೆಯಾ" ಎಂದು ಅಳುತ್ತಾ ಬಂದವಳು ಅಪ್ಪನನ್ನೇ ಕಂಡು ದಾರಿಯಲ್ಲಿ ಕುಸಿದು ಕುಳಿತಳು.

"ಮೂರು ದಿನದಿಂದ ಊರೋರೆಲ್ಲ ಬಂದು ನನ್ನ ಮುಟ್ಟಿ ಮುಟ್ಟಿ ನೋಡ್ತವ್ರೆ ಸ್ವಾಮಿ" ಎಂದರು ಗೌಡರು. "ಸುಳ್ಳು ಸಾವಿನ ಸುದ್ದಿ ಹಬ್ಬುದ್ರೆ ಆಯುಸ್ಸು ಗಟ್ಟಿ ಅಂತಾರೆ. ಅದೇನೋ ಸರಿ. ಆದ್ರೆ ಆ ಕಾಗ್ದ ಬರ್ದೋನ್ನ ಮಾತ್ರ ನಾನು ಬುಡಾಕಿಲ್ಲ. ಯಾರು ಅಂತ ನಂಗೊತ್ತು."

ಗೌಡರಿಗೂ ಅವರ ದಾಯಾದಿಗೂ ಹೊಲದ ಬದುವಿನ ವಿಚಾರಕ್ಕೆ ಮಾತು ನಿಂತಿತ್ತು. ಆತನೇ ಪಟ್ಟಣಕ್ಕೆ ಹೋಗಿ ಇಂಥ ಕಾಗದ ಹಾಕಿಸಿದ್ದಾನೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಸೋಮವಾರ ದೇವರ ಪೂಜೆ ಮುಗಿಸಿ ಪಂಚಾಯಿತಿ ಸೇರಿಸುವುದಿತ್ತು. ಆ ಪೂಜೆಗೆಂದೇ ಚೆನ್ನಮ್ಮ ಉಳಿದುಕೊಂಡಿದ್ದರು. ಮಂಗಳವಾರಕ್ಕೆ ಮೊದಲು ಪಟ್ಟಣಕ್ಕೆ ಹೊರಡುವ ಯೋಚನೆ ಇರಲಿಲ್ಲ.

ನಾನು ಜಗಲಿಯ ಕೆಳಗೇ ನಿಂತು, "ಗೌಡ್ರೇ, ಆ ಕಾಗದ ಬರೆದೋನು ನಾನು" ಎಂದೆ.

ಅವರು ಕೋಲಿನ ಕಡೆ ಕೈ ಚಾಚಿದರು. ಅಷ್ಟರಲ್ಲಿ ಚೆನ್ನಮ್ಮ ಒಳಗಿನಿಂದ ಬಂದು ನನ್ನನ್ನು ಗುರುತಿಸಿ, "ಅಪ್ಪಾ, ಇವ್ರು ನಮ್ಮ ಸಂಘದ ಸಗಟ್ರಿ" ಎಂದರು. ಯಂತ್ರದ ವಿಷಯ, ಮಸಿಯ ವಿಷಯ ಎಲ್ಲ ಹೇಳಿದೆ. ಚೆನ್ನಮ್ಮ ಕಣ್ಣರಳಿಸಿ ಕೇಳುತ್ತಿದ್ದರು.

"ಹಂಗಾರೆ ಅದ್ರಲ್ಲಿ ಏನಂತ ಬರ್ದಿದ್ರಿ ಸ್ವಾಮಿ?"

"ಸೈಟಿನ ಚೀಟಿ ಎತ್ತೋಕೆ ಬನ್ನಿ ಅಂತ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ."

ಆಕೆ ಅಲ್ಲೇ ಕಂಬ ಹಿಡಿದು ನಿಂತರು. ಹೋಗದಿದ್ದರೆ ಏನಾಗುತ್ತದೆ ಎಂದು ಕೇಳಿದರು. ಮುಚ್ಚಿಡದೆ ಹೇಳಿದೆ. ಗೌಡರು ಕೋಲು ಕೆಳಗಿಟ್ಟರು.

"ದೇವ್ರು ಇಲ್ಲೇ ಇರ್ತಾನೆ, ಮುಂದಿನ ಸೋಮವಾರಾನೂ ಬತ್ತದೆ. ನಾನೂ ಇರ್ತೀನಿ, ಇವ್ರು ನಂಗೆ ಆಯುಸ್ಸು ಬರ್ಕೊಟ್ಟವ್ರೆ. ನೀನು ಹೋಗವ್ವಾ" ಎಂದರು. ದಾಯಾದಿಯ ಮನೆಗೆ ಆಗಲೇ ಒಂದು ತೆಂಗಿನಕಾಯಿ ಕಳಿಸಿದರು. ಏಕೆಂದು ಆತನಿಗೆ ಕೊನೆಯವರೆಗೂ ತಿಳಿದಿರಲಾರದು.

ಆ ಸಂಜೆ ಬಸ್ಸಿರಲಿಲ್ಲ. ಭಾನುವಾರ ಬೆಳಕು ಹರಿಯುವ ಮುನ್ನ ಹೊರಟು ದೊಡ್ಡ ರಸ್ತೆಗೆ ಬಂದೆವು. ಚೆನ್ನಮ್ಮನ ಅತ್ತಿಗೆ ರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಜೊತೆ ಬುತ್ತಿ ಕಟ್ಟಿ ಕೊಟ್ಟಿದ್ದರು. ಏಳು ಗಂಟೆಯ ಬಸ್ಸು ತುಂಬಿ ತುಳುಕುತ್ತಾ ಬಂದು ನಿಲ್ಲದೆ ಹೋಯಿತು. ಚೆನ್ನಮ್ಮ ಅದರ ಹಿಂದೆ ಸ್ವಲ್ಪ ದೂರ ಓಡಿದರು. ಮುಂದಿನದು ಒಂಬತ್ತಕ್ಕೆ ಬರಬೇಕಾಗಿತ್ತು, ಒಂಬತ್ತೂ ಮುಕ್ಕಾಲಿಗೆ ಬಂತು. ಹತ್ತಾದಾಗ ನಾವಿನ್ನೂ ಹಾರೋಹಳ್ಳಿಯಿಂದ ಹೆಚ್ಚು ದೂರ ಬಂದಿರಲಿಲ್ಲ. ಚೆನ್ನಮ್ಮ ಗಂಟೆ ಎಷ್ಟು ಎಂದು ಒಂದು ಸಲ ಕೇಳಿದರು. ಹೇಳಿದೆ. ಮತ್ತೆ ಕೇಳಲಿಲ್ಲ. ಬುತ್ತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ಆಕೆಯ ಹೆಸರು ಪಟ್ಟಿಯಲ್ಲಿ ಮೊದಲ ಮೂವತ್ತರೊಳಗೆ ಇತ್ತು. ಹತ್ತೂವರೆಗೆ ಕೂಗಿ ಮುಗಿದಿರುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಅದನ್ನು ಹೇಳಲಿಲ್ಲ.

ಬನಶಂಕರಿ ಗುಡಿಯ ಹತ್ತಿರ ಇಳಿದು, ಜಟಕಾ ಹತ್ತಿ ಶಾಲೆಯ ಮುಂದೆ ಬಂದಾಗ ಹನ್ನೊಂದೂವರೆ. ಹಜಾರ ತುಂಬಿ ಜನ ಕಿಟಕಿಗಳಲ್ಲೂ ನಿಂತಿದ್ದರು. ನಾನು ಆ ಸಂಘದಲ್ಲಿ ಕಂಡ ಅತ್ಯಂತ ದೊಡ್ಡ ಹಾಜರಿ ಅದು. ವೇದಿಕೆಯ ಮೇಲೆ ಚೀಟಿಯ ಡಬ್ಬಿಗೆ ಹಾಕಿದ ಬೀಗ ಹಾಗೆಯೇ ಇತ್ತು. ಗವೀಪುರದ ಉಪಾಧ್ಯಾಯರು ಕಾರ್ಡನ್ನು ಎತ್ತಿ ತೋರಿಸುತ್ತಾ ಮಾತಾಡುತ್ತಿದ್ದರು. ಮಾತಾಡಲು ಎದ್ದವರಲ್ಲಿ ಅವರು ಹದಿನಾರನೆಯವರಂತೆ. ಹತ್ತು ಗಂಟೆಯಿಂದ ಮಸಿಯ ವಿಷಯಕ್ಕೆ ಸಮಿತಿಯನ್ನು ತರಾಟೆಗೆ ತೆಗೆದುಕೊಳ್ಳುವುದೇ ನಡೆದಿತ್ತು. ಬೈಯಲೆಂದೇ ಬಂದ ಜನ ಅಷ್ಟು. ನಂಜುಂಡಯ್ಯನವರು ಕೈಕಟ್ಟಿ ಕೂತು ಒಬ್ಬೊಬ್ಬರ ಮಾತನ್ನೂ ಪೂರ್ತಿ ಕೇಳುತ್ತಿದ್ದರು. ಒಬ್ಬರು ಕುಳಿತರೆ, "ಇನ್ಯಾರಾದರೂ ಹೇಳೋದಿದೆಯಾ?" ಎಂದು ಅವರೇ ಕೇಳುತ್ತಿದ್ದರು.

ನಾನು ಬಾಗಿಲಲ್ಲಿ ನಿಂತದ್ದು ಅವರ ಕಣ್ಣಿಗೆ ಬಿತ್ತು. ನನ್ನ ಹಿಂದೆ ಚೆನ್ನಮ್ಮ ಕಂಡರು. ಅವರು ಎದ್ದು ನಿಂತರು. ಯಂತ್ರವನ್ನು ಒತ್ತಾಯ ಮಾಡಿ ಕೊಳ್ಳಿಸಿದ್ದು ತಾವು, ತಪ್ಪು ತಮ್ಮದು, ಸಭೆ ಕ್ಷಮಿಸಬೇಕು ಎಂದು ಎರಡು ಮಾತಿನಲ್ಲಿ ಮುಗಿಸಿದರು. ಉಪಾಧ್ಯಾಯರು ಇನ್ನೂ ಏನೋ ಹೇಳಲು ಬಾಯಿ ತೆರೆದರು. "ಸಾಕು, ಕೂತ್ಕೊಳ್ಳಿ ಮೇಷ್ಟ್ರೇ" ಎಂದು ಡಬ್ಬಿಯ ಬೀಗ ತೆಗೆದರು.

ಮರುದಿನ ನಡವಳಿ ಪುಸ್ತಕ ಬರೆಯುವಾಗ ನಾನು ಅವರನ್ನು ಕೇಳಿದೆ, ಆ ಚರ್ಚೆಯನ್ನು ಅರ್ಧ ಗಂಟೆಗೆ ನಿಲ್ಲಿಸಬಹುದಿತ್ತಲ್ಲ ಎಂದು.

"ಸದಸ್ಯರು ಮಾತಾಡ್ತಿದ್ರೆ ಅಧ್ಯಕ್ಷ ತಡೀಬೇಕು ಅಂತ ಯಾವ ನಿಯಮದಲ್ಲಿದೆ? ತೋರಿಸಿ" ಎಂದರು. ಆಮೇಲೆ ನಕ್ಕರು. ಅವರ ನಗು ಕಾಣದ ಮೂರು ವರ್ಷ ಎಂದೆನಲ್ಲ, ಅದು ಮುಗಿದದ್ದು ಅವತ್ತು.

ಚೆನ್ನಮ್ಮನ ಹೆಸರು ಕೂಗಿದಾಗ ಹನ್ನೆರಡು ದಾಟಿತ್ತು. ಎರಡನೆಯ ಸಲ ಕೂಗಬೇಕಾಗಿ ಬರಲಿಲ್ಲ. ಆಕೆ ಹೋಗಿ, ಸೆರಗಿಗೆ ಕೈ ಒರೆಸಿಕೊಂಡು, ಡಬ್ಬಿಯೊಳಗೆ ಕೈಹಾಕಿ ತಡಮಾಡದೆ ಒಂದು ಚೀಟಿ ತೆಗೆದರು. ಮೂರನೆಯ ಸಾಲಿನ ಒಂದು ಸಾಧಾರಣ ಸೈಟು. ಹೆಬ್ಬೆಟ್ಟು ಒತ್ತಿದ ಮೇಲೆ ನನ್ನ ಹತ್ತಿರ ಬಂದು, ಅದು ಎಲ್ಲಿದೆ, ಇವತ್ತೇ ನೋಡಬಹುದೇ ಎಂದು ಕೇಳಿದರು.

ಸಭೆ ಮುಗಿದ ಮೇಲೆ ಕರೆದುಕೊಂಡು ಹೋದೆ. ಅರ್ಧ ಮೈಲಿ. ಬಡಾವಣೆ ಎಂದರೆ ಆಗ ಕೆಂಪು ಮಣ್ಣಿನ ದಾರಿಗಳು, ತುಂಬೆ ಗಿಡಗಳು, ಸುಣ್ಣ ಬಳಿದ ಕಲ್ಲುಗಳು. ನಕ್ಷೆ ನೋಡಿ ಅವರ ನಾಲ್ಕು ಕಲ್ಲುಗಳನ್ನು ತೋರಿಸಿದೆ. ಚೆನ್ನಮ್ಮ ಒಂದೊಂದು ಕಲ್ಲಿನ ಹತ್ತಿರವೂ ಹೋಗಿ ಮುಟ್ಟಿ ಬಂದರು. ನಾನು ದಾರಿಯಲ್ಲೇ ನಿಂತಿದ್ದೆ.

"ಇನ್ಮೇಲೆ ಯಾರೂ ಬಂದು ಖಾಲಿ ಮಾಡಿ ಅನ್ನಲ್ವಾ ಸ್ವಾಮಿ?"

"ಅನ್ನಲ್ಲಮ್ಮ."

ಆಕೆ ನಡುವೆ ಒಂದು ಕಡೆ ತುಂಬೆ ಗಿಡಗಳನ್ನು ಕಾಲಿನಿಂದ ಒತ್ತರಿಸಿ, ಕುಳಿತು, ಬುತ್ತಿಯ ಗಂಟು ಬಿಚ್ಚಿದರು. ಬೆಳಗಿನಿಂದ ಇಬ್ಬರೂ ಏನೂ ತಿಂದಿರಲಿಲ್ಲ. ಅದು ನನಗೆ ಆಗಲೇ ನೆನಪಾದದ್ದು. ಆಕೆ ಎರಡು ರೊಟ್ಟಿಗಳನ್ನು ಬೇರೆ ಮಾಡಿ, ಮೇಲೆ ಚಟ್ನಿ ಇಟ್ಟು, ತಲೆಯೆತ್ತಿ ನನ್ನನ್ನು ನೋಡಿದರು.

"ಯಾಕೆ ಅಲ್ಲೇ ನಿಂತ್ರಿ? ಬನ್ನಿ. ನಮ್ಮನೆಗೆ ಬಂದೋರು ಹಂಗೇ ಹೋಗ್ಬಾರ್ದು."

ನಾನು ಕಲ್ಲಿನ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಹೋಗಿ ಕೂತೆ.